ಎತ್ತರಕ್ಕೆ ಲೆಕ್ಕ ಇಟ್ಟು ಹಾರುವ ಹೆಬ್ಬಾತು

ಲೇಹ್‌ನಿಂದ ಹೊರಟ ಜೀಪು ಸಿಂಧೂ ನದಿಯ ದಂಡೆ ಬಿಟ್ಟು ಟಾಂಗ್ಲಾಂಗ್ ಲಾ ಪಾಸ್ ಏರತೊಡಗಿದರೆ ಒಳಗೆ ಕೂತವರ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ಸುಮಾರು 5,300 ಮೀಟರ್ ಎತ್ತರದ ಆ ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯಂತೆ ಶೇ 21 ಇದ್ದರೂ, ಗಾಳಿಯೇ ತೆಳುವಾದ್ದರಿಂದ ಒಂದು ಉಸಿರಿಗೆ ದಕ್ಕುವುದು ಅರ್ಧ ಪಾಲು. ದುರ್ಬೀನು ಹಿಡಿದು ನಾಲ್ಕು ಹೆಜ್ಜೆ ಏರಿದರೆ ಎದೆ ಹೊಡೆದುಕೊಳ್ಳುತ್ತದೆ, ತಲೆ ಭಾರವಾಗುತ್ತದೆ. ಲಡಾಖಿಗೆ ಹಕ್ಕಿ ನೋಡಲು ಬಂದವರನ್ನು ಮೊದಲು ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಕೂರಿಸುವುದು ಇದೇ ಕಾರಣಕ್ಕೆ.

ಪಾಸ್ ಇಳಿದರೆ ಚಾಂಗ್‌ಥಾಂಗ್. ಟಿಬೆಟ್ ಪ್ರಸ್ಥಭೂಮಿ ಪಶ್ಚಿಮಕ್ಕೆ ಚಾಚಿಕೊಂಡ ಭಾಗ ಇದು. ಕಣ್ಣು ಹಾಯುವಷ್ಟು ದೂರ ಒಂದು ಮರವಿಲ್ಲ. ಪಶ್ಮಿನಾ ಮೇಕೆಗಳನ್ನು ಮೇಯಿಸುವ ಚಾಂಗ್ಪಾ ಜನರ ಗುಡಾರಗಳು, ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡು, ನಡುವೆ ಹಳ್ಳಕೊಳ್ಳ ಸೇರಿ ನಿಂತ ಕೆರೆಗಳು. ಉಪ್ಪುನೀರಿನ ತ್ಸೋ ಕರ್ ಸುತ್ತಮುತ್ತ ಟಿಬೆಟನ್ ಸ್ಯಾಂಡ್‌ಗ್ರೌಸ್‌ಗಳು ನೆಲದ ಬಣ್ಣಕ್ಕೆ ಬಣ್ಣ ಬೆರೆಸಿ ಕೂತಿರುತ್ತವೆ. ಅದರ ಜವುಗು ಹುಲ್ಲಿನಲ್ಲಿ ಕಪ್ಪು ಕತ್ತಿನ ಕೊಕ್ಕರೆಗಳ ಜೋಡಿ ಸಿಗುತ್ತದೆ. ಪಕ್ಷಿಪ್ರಿಯರಲ್ಲಿ ಹೆಚ್ಚಿನವರು ಇಷ್ಟು ದೂರ ಬರುವುದೇ ಈ ಕೊಕ್ಕರೆಗಾಗಿ. ಆದರೆ ಇನ್ನೂ ಮುಂದೆ, 4,500 ಮೀಟರ್ ಎತ್ತರದ ತ್ಸೋ ಮೊರಿರಿ ಸರೋವರದ ದಂಡೆಯಲ್ಲಿ ಮೇಯುವ ಒಂದು ಬಾತು ಮಾತ್ರ ಕನ್ನಡಿಗರಿಗೆ ಹಳೆಯ ಪರಿಚಯ. ಅದು ಪಟ್ಟೆತಲೆ ಹೆಬ್ಬಾತು.

ಜೂನ್ ಕಳೆದು ಜುಲೈ ಹೊತ್ತಿಗೆ ಕೊರ್ಜೋಕ್ ಹಳ್ಳಿಯ ಆಸುಪಾಸಿನ ಹುಲ್ಲುಗಾವಲಿನಲ್ಲಿ ಇವುಗಳ ಸಂಸಾರಗಳನ್ನು ನೋಡಬಹುದು. ಬೂದು ಮೈ, ಬಿಳಿ ತಲೆ. ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ: ಮೇಲಿನದು ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿನವರೆಗೆ, ಕೆಳಗಿನದು ಗಿಡ್ಡದಾಗಿ ಹಿಂಗತ್ತಿನ ಮೇಲೆ. ಹಳದಿ ಕೊಕ್ಕಿನ ತುದಿಗೆ ಕಪ್ಪು ಉಗುರಿನಂಥ ಗುರುತು, ಕಾಲು ಕಿತ್ತಳೆ. ತಾಯಿ ತಲೆ ತಗ್ಗಿಸಿ ಹುಲ್ಲನ್ನು ಪಟಪಟನೆ ಕಿತ್ತು ಮೇಯುತ್ತಿದ್ದರೆ ಮರಿಗಳು ಅದರ ಕಾಲ ಬುಡದಲ್ಲೇ ಅದನ್ನೇ ಮಾಡುತ್ತವೆ. ಗಂಡು ಮೇಯುವುದು ಬಿಟ್ಟು ಕತ್ತನ್ನು ನೆಟ್ಟಗೆ ಎತ್ತಿ ಕಾವಲು ನಿಲ್ಲುತ್ತದೆ. ಈ ದಿನಗಳಲ್ಲಿ ದೊಡ್ಡವು ರೆಕ್ಕೆಯ ಹಾರುಗರಿಗಳನ್ನು ಒಟ್ಟಿಗೆ ಉದುರಿಸಿ ಕೆಲವು ವಾರ ಹಾರಲಾರದೆ ಇರುತ್ತವೆ. ಚಳಿ ಬೀಳುವುದರೊಳಗೆ ಅವುಗಳ ಹೊಸ ಗರಿಯೂ ಮರಿಗಳ ಮೊದಲ ಗರಿಯೂ ಬಲಿತಿರಬೇಕು, ಏಕೆಂದರೆ ಮುಂದಿದೆ ಹಿಮಾಲಯ.

ಲಡಾಖ್, ಟಿಬೆಟ್, ಮಂಗೋಲಿಯಾ, ಕಿರ್ಗಿಸ್ತಾನಗಳಲ್ಲಿ ಮರಿ ಮಾಡುವ ಈ ಹಕ್ಕಿಗಳಲ್ಲಿ ಬಹಳಷ್ಟು ಚಳಿಗಾಲಕ್ಕೆ ಭಾರತ ಉಪಖಂಡಕ್ಕೆ ಇಳಿಯುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಅವು ಸಾವಿರಗಟ್ಟಲೆ ಸೇರುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಕಾಣಿಸಿಕೊಂಡಿವೆ. ಎರಡೂವರೆ ಕಿಲೋ ತೂಗುವ, ರೆಕ್ಕೆ ಬಡಿದೇ ಹಾರಬೇಕಾದ ಹಕ್ಕಿ ಇದು. ಹದ್ದಿನಂತೆ ಬಿಸಿಗಾಳಿಯ ಸುಳಿಯಲ್ಲಿ ತೇಲುತ್ತಾ ಮೇಲೇರುವ ಸೌಲಭ್ಯ ಇದಕ್ಕಿಲ್ಲ. ಹಾಗಿದ್ದೂ ಜಗತ್ತಿನ ಅತಿ ಎತ್ತರದ ಗೋಡೆಯನ್ನು ವರ್ಷಕ್ಕೆರಡು ಸಲ ದಾಟುತ್ತದೆ. ಹೇಗೆ?

ಎವರೆಸ್ಟ್ ಶಿಖರದ ಮೇಲೆ ಈ ಬಾತುಗಳು ಹಾರಿಹೋದದ್ದನ್ನು ಆರೋಹಿಗಳು ಕಂಡಿದ್ದರು ಎಂಬ ಮಾತು ದಶಕಗಳಿಂದ ಪುಸ್ತಕಗಳಲ್ಲಿ ಓಡಾಡುತ್ತಿದೆ. ಹಕ್ಕಿಗಳ ಮೈಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ ಸಿಕ್ಕ ಚಿತ್ರ ಬೇರೆ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್. ಅದೂ ಅಪರೂಪಕ್ಕೆ. ಹಾರಾಟದ ಶೇ 95ರಷ್ಟು ದಾಖಲೆಗಳು 5,500 ಮೀಟರ್‌ಗಿಂತ ಕೆಳಗೇ ಇದ್ದವು. ಶಿಖರಗಳ ಮೇಲಿಂದ ನೇರ ಗೆರೆ ಎಳೆದಂತೆ ಹೋಗುವ ಬದಲು ಅವು ಕಣಿವೆಗಳನ್ನೂ ಪಾಸ್‌ಗಳನ್ನೂ ಹುಡುಕಿ ನುಸುಳುತ್ತವೆ. ಈ ಹಕ್ಕಿಯ ದೊಡ್ಡತನ ಎತ್ತರಕ್ಕೆ ಹಾರುವುದರಲ್ಲಿ ಇಲ್ಲ, ಬೇಕಾದ್ದಕ್ಕಿಂತ ಒಂದು ಮೀಟರೂ ಮೇಲೆ ಹೋಗದಿರುವುದರಲ್ಲಿ ಇದೆ.

ತೆಳುಗಾಳಿ ಹಾರುವವರಿಗೆ ಒಡ್ಡುವ ತೊಂದರೆ ಎರಡು. ಉಸಿರಿಗೆ ಆಮ್ಲಜನಕ ಸಾಲದು; ರೆಕ್ಕೆಗೆ ಆತುಕೊಳ್ಳಲು ಗಾಳಿಯೇ ಸಾಲದು. ಹೆಚ್ಚು ಶ್ರಮಪಟ್ಟು ಬಡಿಯಬೇಕಾದ ಹೊತ್ತಿನಲ್ಲೇ ಇಂಧನ ಉರಿಸುವ ಅನಿಲಕ್ಕೆ ಬರ.

ಮೊದಲನೆಯದಕ್ಕೆ ಉತ್ತರ ಹಕ್ಕಿಯ ಎದೆಯೊಳಗಿದೆ. ನಮ್ಮ ಶ್ವಾಸಕೋಶಕ್ಕೆ ಗಾಳಿ ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಹಳೆಯದು ಪೂರಾ ಹೊರಬೀಳುವ ಮೊದಲೇ ಹೊಸದು ಬಂದು ಬೆರೆಯುತ್ತದೆ. ಹಕ್ಕಿಗಳ ಶ್ವಾಸಕೋಶ ಉಬ್ಬಿ ಕುಗ್ಗುವುದಿಲ್ಲ. ಅದರ ಹಿಂದೆ ಮುಂದೆ ಇರುವ ಗಾಳಿಚೀಲಗಳು ಕಮ್ಮಾರನ ತಿದಿಯಂತೆ ಒತ್ತುತ್ತವೆ. ಉಸಿರೆಳೆದಾಗ ಹೊಸ ಗಾಳಿಯ ಹೆಚ್ಚಿನ ಪಾಲು ಹಿಂದಿನ ಚೀಲಗಳಿಗೆ ಹೋಗುತ್ತದೆ, ಬಿಟ್ಟಾಗ ಅಲ್ಲಿಂದ ಶ್ವಾಸಕೋಶಕ್ಕೆ, ಮತ್ತೊಮ್ಮೆ ಎಳೆದಾಗ ಮುಂದಿನ ಚೀಲಗಳಿಗೆ, ಕೊನೆಗೆ ಹೊರಕ್ಕೆ. ಹೀಗೆ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುವುದರಿಂದ ಉಸಿರು ಎಳೆದಾಗಲೂ ಬಿಟ್ಟಾಗಲೂ ರಕ್ತಕ್ಕೆ ತಾಜಾ ಗಾಳಿ ಸಿಗುತ್ತದೆ.

ಈ ಏರ್ಪಾಡು ಎಲ್ಲ ಹಕ್ಕಿಗಳಿಗೂ ಇದೆ. ಪಟ್ಟೆತಲೆ ಹೆಬ್ಬಾತು ಅದರ ಮೇಲೆ ಇನ್ನಷ್ಟು ಸೇರಿಸಿಕೊಂಡಿದೆ. ಬಯಲುಸೀಮೆಯ ಸೋದರಸಂಬಂಧಿಗಳಿಗಿಂತ ಇದರ ಶ್ವಾಸಕೋಶ ದೊಡ್ಡದು, ಆಮ್ಲಜನಕ ಕಡಿಮೆಯಾದಾಗ ಇದು ಎಳೆಯುವ ಉಸಿರೂ ಆಳ. ಇದರ ಹಿಮೋಗ್ಲೋಬಿನ್‌ನಲ್ಲಿ ಅಮೈನೊ ಆಮ್ಲಗಳ ಕೆಲವೇ ಬದಲಾವಣೆಗಳಾಗಿವೆ. ಆಲ್ಫಾ ಸರಪಳಿಯ 119ನೇ ಸ್ಥಾನದಲ್ಲಿ ಪ್ರೊಲೀನ್ ಇರಬೇಕಾದಲ್ಲಿ ಅಲನೀನ್ ಕೂತಿರುವುದು ಅವುಗಳಲ್ಲಿ ಹೆಸರಾದದ್ದು. ಇಷ್ಟರಿಂದಲೇ ಆ ಅಣು ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಎದೆಯ ಹಾರುಸ್ನಾಯುಗಳಲ್ಲಿ ರಕ್ತದ ಲೋಮನಾಳಗಳು ದಟ್ಟವಾಗಿವೆ. ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಸ್ನಾಯುಕೋಶದ ಅಂಚಿಗೆ, ಅಂದರೆ ಆ ನಾಳಗಳ ಪಕ್ಕಕ್ಕೇ ಸರಿದು ಕೂತಿವೆ. ಆಮ್ಲಜನಕ ಸಾಗಬೇಕಾದ ದೂರ ಅಷ್ಟು ಕಡಿಮೆ.

ಹಾರುತ್ತಿರುವ ಹಕ್ಕಿಯಲ್ಲಿ ಇದೆಲ್ಲ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಜೆಸಿಕಾ ಮೀರ್ ಎಂಬ ವಿಜ್ಞಾನಿ ಮರಿಗಳನ್ನು ಮೊಟ್ಟೆಯೊಡೆದ ಗಳಿಗೆಯಿಂದಲೇ ತಾವೇ ಸಾಕಿದರು. ಮರಿಗಳು ಅವರನ್ನೇ ತಾಯಿ ಎಂದುಕೊಂಡವು. ಹಾರಲು ಕಲಿಯುವಾಗ ಅವರ ಸೈಕಲ್ಲು, ಸ್ಕೂಟರ್‌ಗಳ ಜೊತೆಜೊತೆಗೇ ಹಾರಿದವು. ಬೆಳೆದ ಮೇಲೆ ಮುಖಕ್ಕೆ ಮಾಸ್ಕ್ ಹಾಕಿಸಿಕೊಂಡು ಗಾಳಿಸುರಂಗದಲ್ಲಿ, ನಿಂತಲ್ಲೇ ನಿಂತಂತೆ, ಹಾರಿದವು. ಮಾಸ್ಕ್ ಮೂಲಕ ಶೇ 10.5 ಮತ್ತು ಶೇ 7ರಷ್ಟು ಮಾತ್ರ ಆಮ್ಲಜನಕವಿರುವ ಗಾಳಿ ಕೊಟ್ಟರು. ಮೊದಲನೆಯದು ಸುಮಾರು 5,500 ಮೀಟರ್ ಎತ್ತರಕ್ಕೆ, ಎರಡನೆಯದು ಸುಮಾರು 9,000 ಮೀಟರ್‌ಗೆ ಸಮ. ಆಮ್ಲಜನಕ ಇಳಿದರೆ ಹೃದಯ ಓಡಬೇಕು ಎಂದು ಯಾರಾದರೂ ಊಹಿಸಿಯಾರು. ಆದರೆ ಹೆಬ್ಬಾತುಗಳು ರೆಕ್ಕೆಯ ಬಡಿತವನ್ನು ಬದಲಿಸದೆ ದೇಹದ ಒಟ್ಟು ಖರ್ಚನ್ನೇ ಇಳಿಸಿದವು. ರಕ್ತ ತುಸು ತಣ್ಣಗಾಯಿತು. ತಣ್ಣನೆಯ ರಕ್ತ ಆಮ್ಲಜನಕವನ್ನು ಹೆಚ್ಚು ಹಿಡಿಯುತ್ತದೆ, ದುಡಿದು ಬಿಸಿಯಾದ ಸ್ನಾಯು ತಲುಪಿದಾಗ ಬಿಟ್ಟುಕೊಡುತ್ತದೆ. ಈ ಫಲಿತಾಂಶ 2019ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಅದೇ ತಿಂಗಳು ಮೀರ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ಅಕ್ಟೋಬರಿನಲ್ಲಿ ಮಹಿಳೆಯರಷ್ಟೇ ನಡೆಸಿದ ಮೊದಲ ಬಾಹ್ಯಾಕಾಶ ನಡಿಗೆಯಲ್ಲಿ ಭಾಗಿಯಾದರು.

ಎರಡನೆಯ ತೊಂದರೆಗೆ, ಅಂದರೆ ರೆಕ್ಕೆಗೆ ಸಿಗದ ಆಸರೆಗೆ, ಉತ್ತರ ಹಕ್ಕಿಯ ನಡವಳಿಕೆಯಲ್ಲಿದೆ. ಮಂಗೋಲಿಯಾದ ಹೆಬ್ಬಾತುಗಳ ದೇಹದೊಳಗೆ ಹೃದಯಬಡಿತ ಮತ್ತು ಚಲನೆ ಅಳೆಯುವ ಪುಟ್ಟ ಉಪಕರಣ ಇಟ್ಟು ಮಾಡಿದ ಅಧ್ಯಯನ 2015ರಲ್ಲಿ ಹೊರಬಂತು. ಅದರ ಪ್ರಕಾರ ರೆಕ್ಕೆಬಡಿತ ಶೇ 5ರಷ್ಟು ಹೆಚ್ಚಿದರೆ ಹೃದಯಬಡಿತ ಶೇ 19ರಷ್ಟು, ಹಾರಾಟಕ್ಕೆ ಬೇಕಾಗುವ ಶಕ್ತಿ ಅಂದಾಜು ಶೇ 41ರಷ್ಟು ಏರುತ್ತದೆ. ಎತ್ತರದ ಬೆಲೆ ಇಷ್ಟು ದುಬಾರಿ. ಆದ್ದರಿಂದಲೇ ಒಮ್ಮೆ ಮೇಲೇರಿ ಅಲ್ಲೇ ಉಳಿಯುವ ಬದಲು ಅವು ನೆಲದ ಏರಿಳಿತವನ್ನೇ ಅನುಸರಿಸುತ್ತವೆ. ಬೆಟ್ಟ ಬಂದರೆ ಏರು, ಕಣಿವೆ ಬಂದರೆ ಇಳಿ. ಏರಿದ್ದನ್ನು ಕಳೆದುಕೊಂಡು ಮತ್ತೆ ಏರುವುದು ನಷ್ಟದ ವ್ಯವಹಾರದಂತೆ ಕಾಣುತ್ತದೆ. ಆದರೆ ಕೆಳಗಿನ ದಟ್ಟ ಗಾಳಿಯಲ್ಲಿ ಕಳೆದ ಹೊತ್ತು ಉಳಿಸುವ ಶಕ್ತಿ, ಮತ್ತೆ ಏರಲು ತಗಲುವ ಶಕ್ತಿಗಿಂತ ಹೆಚ್ಚು.

ವೇಳೆಯ ಆಯ್ಕೆಯಲ್ಲೂ ಇದೇ ಲೆಕ್ಕ. ವಸಂತದಲ್ಲಿ ಉತ್ತರಕ್ಕೆ ಹೊರಟ ಹಕ್ಕಿಗಳು ಬಯಲಿನಿಂದ 6,000 ಮೀಟರ್‌ವರೆಗಿನ ಏರನ್ನು ಏಳೆಂಟು ಗಂಟೆಗಳಲ್ಲಿ ಮುಗಿಸುತ್ತವೆ ಎಂದು 2011ರ ಅಧ್ಯಯನವೊಂದು ತೋರಿಸಿತು. ಹಗಲು ಕಾವೇರಿದಾಗ ಕಣಿವೆಗಳಲ್ಲಿ ಮೇಲ್ಮುಖವಾಗಿ ಬೀಸುವ ಗಾಳಿ ಅವುಗಳನ್ನು ಹೊತ್ತೊಯ್ಯಬಹುದಿತ್ತು. ಅದನ್ನು ಬಿಟ್ಟು ಅವು ರಾತ್ರಿ ಮತ್ತು ನಸುಕನ್ನೇ ಆರಿಸಿಕೊಂಡವು. ಆಗ ಗಾಳಿ ಶಾಂತ. ತಣ್ಣಗಿರುವುದರಿಂದ ಹೆಚ್ಚು ಸಾಂದ್ರ. ದುಡಿದ ಮೈಯ ಬಿಸಿ ಕಳೆಯುವುದೂ ಸುಲಭ.

ಆಕಾಶದಲ್ಲಿ ಇಷ್ಟು ಚೊಕ್ಕವಾಗಿ ಲೆಕ್ಕ ಇಡುವ ಹಕ್ಕಿಗೆ ಅಪಾಯ ಕಾದಿರುವುದು ನೆಲದ ಮೇಲೆ. ಲಡಾಖಿನಲ್ಲಿ ಪ್ರವಾಸಿಗರು, ಶಿಬಿರಗಳು ಹೆಚ್ಚಿದಂತೆ ಎಸೆದ ಊಟದ ಮೇಲೆ ಬದುಕುವ ಬೀದಿನಾಯಿಗಳೂ ಹೆಚ್ಚಿವೆ. ನೆಲದಲ್ಲಿ ಗೂಡು ಕಟ್ಟುವ ಬಾತು, ಕೊಕ್ಕರೆಗಳ ಮೊಟ್ಟೆ ಮರಿಗಳಿಗೆ ಅವುಗಳಿಂದ ಕುತ್ತು. ತ್ಸೋ ಮೊರಿರಿ 2002ರಿಂದ, ತ್ಸೋ ಕರ್ 2020ರಿಂದ ರಾಮ್ಸರ್ ತಾಣಗಳು, ಅಂದರೆ ಅಂತರರಾಷ್ಟ್ರೀಯ ಮನ್ನಣೆಯ ಜವುಗುನೆಲೆಗಳು. 2024ರಲ್ಲಿ ಮಾಗಡಿ ಕೆರೆಗೂ ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೂ ಅದೇ ಮನ್ನಣೆ ಸಿಕ್ಕಿತು. ಹಾರಾಟದ ಖರ್ಚನ್ನು ಹೀಗೆ ಎಣಿಸಿ ಎಣಿಸಿ ಬಂದ ಹಕ್ಕಿಗೆ ದಾರಿಯ ಕೊನೆಯಲ್ಲಿ ನೀರು, ಮೇವು, ನೆಮ್ಮದಿ ಇಲ್ಲದಿದ್ದರೆ ಆ ಮಿತವ್ಯಯವೆಲ್ಲ ವ್ಯರ್ಥ.

ಇದನ್ನು ನೋಡಲು ಲಡಾಖಿಗೇ ಹೋಗಬೇಕೆಂದಿಲ್ಲ. ಡಿಸೆಂಬರ್, ಜನವರಿಯಲ್ಲಿ ಮಾಗಡಿಗೆ ಹೋಗಿ. ಹಕ್ಕಿಗಳು ನಸುಕಿನಲ್ಲಿ, ಸಂಜೆಯಲ್ಲಿ ಸುತ್ತಲಿನ ಹೊಲಗಳಿಗೆ ಮೇವಿಗೆ ಹಾರುತ್ತವೆ, ಹಗಲೆಲ್ಲ ಕೆರೆಯಲ್ಲಿ ವಿಶ್ರಮಿಸುತ್ತವೆ. ಏರಿಯ ಮೇಲೆ ದೂರವೇ ನಿಂತು, ಅವನ್ನು ಎಬ್ಬಿಸದೆ ನೋಡಿ. ಯಾವುದಾದರೂ ಕೊರಳಲ್ಲಿ ಬಣ್ಣದ ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ, ಅಂಕಿ ಬರೆದುಕೊಂಡು ಫೋಟೊ ಸಮೇತ ಅರಣ್ಯ ಇಲಾಖೆಗೆ ತಿಳಿಸಿ. ಆ ಹಕ್ಕಿ ಹೊರಟ ಊರು, ಬಂದ ದಾರಿ ಪತ್ತೆಯಾಗುವುದು ಇಂಥ ವರದಿಗಳಿಂದಲೇ.