ಅಜ್ಜಿ ಯಾವ ಬಸ್ಸಿಗೆ ಬರ್ತಾರೆ?

ನಮ್ಮ ಸಿನಿಮಾಗಳಲ್ಲಿ ಅಜ್ಜ-ಅಜ್ಜಿ ಸಾಯೋದು ಹೇಗೆ ಅಂತ ನಿಮಗೇ ಗೊತ್ತು. ಎರಡು ಸಲ ಕೆಮ್ಮು, ಮಗನ ಕೈಯಲ್ಲಿ ಸೊಸೆಯ ಕೈಯಿಟ್ಟು ನಾಲ್ಕು ಮಾತು, ತಲೆ ಪಕ್ಕಕ್ಕೆ ವಾಲುತ್ತೆ, ದೀಪ ಆರುತ್ತೆ, ಪಿಟೀಲು ಗೋಳಾಡುತ್ತೆ! ದೊಡ್ಡವರೆಲ್ಲ ಮೈಮೇಲೆ ಬಿದ್ದು ಅಳುತ್ತಾರೆ. ಸರಿ ಸ್ವಾಮಿ, ಅದೇ ಮನೆಯಲ್ಲಿದ್ದ ಐದು ವರ್ಷದ ಮಗು ಎಲ್ಲಿ? ಅದನ್ನು ಯಾರೋ ಎತ್ತಿಕೊಂಡು ಕ್ಯಾಮೆರಾದಿಂದಾಚೆ ಹೋಗಿರುತ್ತಾರೆ. ಮುಂದಿನ ರೀಲಿನಲ್ಲಿ ಅದು ಹೀರೋ ಆಗಿಯೇ ಬರೋದು!

ನಿಜವಾದ ಮನೆಗಳಲ್ಲೂ ಇದೇ ಕಥೆ. ‘ಮಗುವಿಗೇನು ಗೊತ್ತಾಗುತ್ತೆ?’ ಅಂತ ಪಕ್ಕದ ಮನೆಗೆ ಕಳಿಸಿಬಿಡುತ್ತೇವೆ.

ಹಾಗೆ ಕಳಿಸದ ಚಿತ್ರವೊಂದಿದೆ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’. 1955ರಲ್ಲಿ ತೆರೆ ಕಂಡು, ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಬಂಗಾಳಿ ಚಿತ್ರ. ಅದರಲ್ಲಿ ಬೆನ್ನು ಬಾಗಿದ, ಹಲ್ಲಿಲ್ಲದ ಮುದುಕಿ ಇಂದಿರ್ ಬರುತ್ತಾಳೆ. ಸಂಬಂಧದಲ್ಲಿ ಅಪ್ಪನಿಗೆ ಅಕ್ಕನಾಗಬೇಕು. ಮಕ್ಕಳ ಲೆಕ್ಕದಲ್ಲಿ ಅಜ್ಜಿಯೇ. ಹುಡುಗಿ ದುರ್ಗಾ ಪಕ್ಕದವರ ತೋಟದಿಂದ ಸೀಬೆಹಣ್ಣು ಕದ್ದು ತಂದು ಈ ಮುದುಕಿಗೆ ಕೊಡುತ್ತಾಳೆ. ಒಂದು ದಿನ ದುರ್ಗಾ, ಅವಳ ತಮ್ಮ ಅಪು ರೈಲು ನೋಡಿ ಕುಣಿಯುತ್ತಾ ವಾಪಸು ಬರುವಾಗ ಬಿದಿರು ಮೆಳೆಯಲ್ಲಿ ಮುದುಕಿ ತಲೆ ಬಗ್ಗಿಸಿ ಕೂತಿದ್ದಾಳೆ. ತಮಾಷೆ ಅಂತ ದುರ್ಗಾ ಅಲ್ಲಾಡಿಸುತ್ತಾಳೆ. ಮುದುಕಿ ಧೊಪ್ಪನೆ ಉರುಳುತ್ತಾಳೆ! ಪಿಟೀಲಿಲ್ಲ, ಡೈಲಾಗಿಲ್ಲ. ಎರಡು ಮಕ್ಕಳ ಬೆದರಿದ ಮುಖ, ಅಷ್ಟೇ. ನೋಡಿದವರಿಗೆ ಎದೆ ಝಲ್ಲೆನ್ನುತ್ತೆ.

ಆ ಪಾತ್ರ ಮಾಡಿದ ಚುನಿಬಾಲಾ ದೇವಿ ಹಳೆಯ ರಂಗನಟಿ, ವಯಸ್ಸು ಎಂಬತ್ತರ ಆಸುಪಾಸು. ಚಟ್ಟದ ಮೇಲೆ ಹೊತ್ತೊಯ್ಯುವ ಶಾಟ್ ಮುಗಿದರೂ ಆಕೆ ಮಿಸುಕಾಡಲಿಲ್ಲವಂತೆ. ಎಲ್ಲರಿಗೂ ಜೀವ ಬಾಯಿಗೆ ಬಂತು! ಆಮೇಲೆ ಕಣ್ಣು ಬಿಟ್ಟು, ಶಾಟ್ ಮುಗಿಯಿತು ಅಂತ ನನಗೆ ಯಾಕೆ ಹೇಳಲಿಲ್ಲ ಅಂತ ಅವರೇ ಗದರಿದರಂತೆ. ಪಾಪ, ಚಿತ್ರ ಬಿಡುಗಡೆಯಾಗುವ ಮುಂಚೆಯೇ ಆಕೆ ನಿಜವಾಗಿಯೂ ತೀರಿಕೊಂಡರು.

ಈಗ ನನ್ನ ಅಕ್ಕನ ಮೊಮ್ಮಗಳ ವಿಷಯಕ್ಕೆ ಬರ್ತೀನಿ. ಅಕ್ಕ ಹೋದಾಗ ಅವಳಿಗೆ ನಾಲ್ಕು ತುಂಬಿ ಐದು. ದಿನಾ ಅಜ್ಜಿಯ ಕೈತುತ್ತು ತಿಂದು ಬೆಳೆದವಳು. ಮನೆಯಲ್ಲಿ ಯಾರೋ ‘ಅಜ್ಜಿ ಊರಿಗೆ ಹೋಗಿದ್ದಾರೆ ಪುಟ್ಟಿ’ ಅಂದರು. ಸಾಯಂಕಾಲವಾದರೆ ಬಾಗಿಲಲ್ಲಿ ಕೂತು ಒಂದೇ ಪ್ರಶ್ನೆ: ‘ಅಜ್ಜಿ ಯಾವ ಬಸ್ಸಿಗೆ ಬರ್ತಾರೆ?’ ಇನ್ನೊಬ್ಬರು ‘ಅಜ್ಜಿ ಮಲಗಿಬಿಟ್ಟಿದ್ದಾರೆ’ ಅಂದರು. ಅವತ್ತಿನಿಂದ ರಾತ್ರಿ ಹಾಸಿಗೆ ಕಂಡರೆ ಮಗು ಕಿರುಚೋಕೆ ಶುರು. ಅಮ್ಮ ಹಗಲು ಹೊತ್ತು ಸ್ವಲ್ಪ ಅಡ್ಡಾದರೂ ಓಡಿ ಬಂದು ಕಣ್ಣುರೆಪ್ಪೆ ಬಿಡಿಸಿ ನೋಡುತ್ತಿದ್ದಳು. ಕೊನೆಗೆ ಅವಳಪ್ಪ ತೊಡೆ ಮೇಲೆ ಕೂರಿಸಿಕೊಂಡು ನೇರವಾಗಿ ಹೇಳಿದ: ‘ಅಜ್ಜಿ ಸತ್ತು ಹೋದರು ಮಗಳೇ. ಅವರ ಎದೆ ಬಡಿಯೋದು ನಿಂತುಹೋಯ್ತು. ಅವರಿಗೀಗ ನೋವಿಲ್ಲ, ಹಸಿವಿಲ್ಲ. ಇನ್ನು ವಾಪಸು ಬರೋದಿಲ್ಲ. ನಿದ್ದೆ ಬೇರೆ, ಇದು ಬೇರೆ.’ ಅವಳು ಅತ್ತಳು. ಹತ್ತು ನಿಮಿಷಕ್ಕೆ ಎದ್ದು ಕುಂಟೆಬಿಲ್ಲೆ ಆಡೋಕೆ ಹೋದಳು! ನೋಡಿದವರು ‘ಕಲ್ಲುಮನಸ್ಸು’ ಅಂದರು.

ಕಲ್ಲೂ ಅಲ್ಲ, ಮಣ್ಣೂ ಅಲ್ಲ. ಮಕ್ಕಳ ದುಃಖವೇ ಹಾಗೆ. ಮಳೆಗಾಲದ ಬಿಸಿಲಿನಂತೆ ಬಂದು ಬಂದು ಹೋಗುತ್ತೆ. ಮಾರಿಯಾ ನಾಗಿ ಎಂಬ ಸಂಶೋಧಕಿ ಹಂಗೆರಿಯಲ್ಲಿ 3ರಿಂದ 10 ವರ್ಷದ ಮಕ್ಕಳನ್ನು ಮಾತಾಡಿಸಿ 1948ರಲ್ಲಿ ವರದಿ ಪ್ರಕಟಿಸಿದರು. ಐದು ವರ್ಷದೊಳಗಿನ ಮಕ್ಕಳಿಗೆ ಸಾವು ಅಂದರೆ ಒಂದು ಪ್ರಯಾಣ ಅಥವಾ ನಿದ್ದೆ. ಹೋದವರು ಬಂದೇ ಬರ್ತಾರೆ ಅಂತ ಅವು ನಂಬುತ್ತವೆ ಎಂದು ಅದರಲ್ಲಿದೆ. ಒಂಬತ್ತರ ಹೊತ್ತಿಗೆ, ಇದು ಎಲ್ಲರಿಗೂ ಬರುವಂಥದ್ದು, ತಿರುಗಿ ಬರುವ ದಾರಿಯಿಲ್ಲ ಅನ್ನೋದು ತಿಳಿಯುತ್ತದಂತೆ. ಅಂದ ಮೇಲೆ ‘ಊರಿಗೆ ಹೋದರು’, ‘ಮಲಗಿದರು’ ಅಂದರೆ ಮಗು ಅದನ್ನೇ ನಂಬದೆ ಇನ್ನೇನು ಮಾಡೀತು?

ಅದಕ್ಕೇ ಕೇಳಿದ್ದನ್ನೇ ಹತ್ತು ಸಲ ಕೇಳುತ್ತೆ. ಹತ್ತು ಸಲವೂ ಅದೇ ಉತ್ತರ ಕೊಡಬೇಕು. ‘ನೀನೂ ಸಾಯ್ತೀಯಾ ಅಮ್ಮಾ?’ ಅಂತ ಕೇಳಿದರೆ ಬಾಯಿ ಮುಚ್ಚಿಸಬಾರದು. ‘ಎಲ್ಲರೂ ಒಂದು ದಿನ ಸಾಯ್ತೀವಿ. ಆದರೆ ನಾನು ತುಂಬಾ ದಿನ ನಿನ್ನ ಜೊತೆ ಇರ್ತೀನಿ ಅಂದ್ಕೊಂಡಿದ್ದೀನಿ. ನಿನ್ನನ್ನ ನೋಡಿಕೊಳ್ಳೋರು ಇನ್ನೂ ಎಷ್ಟೊಂದು ಜನ ಇದ್ದಾರೆ’ ಅಂದರೆ ಸಾಕು. ನಾನು ಹಟ ಮಾಡಿದ್ದಕ್ಕೇ ಅಜ್ಜಿ ಹೋದರು ಅಂತ ಕೆಲವು ಮಕ್ಕಳು ಒಳಗೊಳಗೇ ಕೊರಗುತ್ತವೆ. ‘ನಿನ್ನಿಂದ ಆದದ್ದಲ್ಲ’ ಅಂತ ಬಾಯಿಬಿಟ್ಟು ಹೇಳಿ.

ಇನ್ನೊಂದು ಮಾತು. ರಾಮ್ ರೆಡ್ಡಿಯವರ ‘ತಿಥಿ’ (2015) ನೋಡಿದ್ದೀರಲ್ಲ? 101 ವರ್ಷದ ಸೆಂಚುರಿ ಗೌಡ ಸತ್ತ ಮೇಲೆ ಹನ್ನೊಂದನೇ ದಿನದ ತಿಥಿಯವರೆಗೆ ಮಂಡ್ಯ ಸೀಮೆಯ ಆ ಹಳ್ಳಿಯಲ್ಲಿ ಏನು ಓಡಾಟ, ಏನು ಗಲಾಟೆ! ದೊಡ್ಡವರಿಗೆ ಆ ಓಡಾಟದಲ್ಲೇ ದಿನ ಕಳೆದುಹೋಗುತ್ತೆ. ಮಗುವಿನ ಕೈಗೇನಿದೆ? ಅದಕ್ಕೂ ಒಂದು ಕೆಲಸ ಕೊಡಿ. ಫೋಟೋಗೆ ಹೂ ಮುಡಿಸಲಿ, ಅಜ್ಜಿಗೆ ಇಷ್ಟವಾದ ತಿಂಡಿ ಎಡೆಗೆ ಇಡಲಿ. ಒಲ್ಲೆ ಅಂದರೆ ಬಲವಂತ ಬೇಡ.

‘ಪಥೇರ್ ಪಾಂಚಾಲಿ’ಯ ಕೊನೆಯಲ್ಲಿ ದುರ್ಗಾಳೂ ಇರುವುದಿಲ್ಲ. ಊರು ಬಿಡುವ ದಿನ ಸಾಮಾನು ಜಾಲಾಡುವಾಗ ಅಪುವಿಗೆ ಒಂದು ಹಾರ ಸಿಗುತ್ತೆ. ಕದ್ದಿಲ್ಲ ಅಂತ ಅಕ್ಕ ಸಾಧಿಸಿದ್ದ ಹಾರ! ಹುಡುಗ ಯಾರಿಗೂ ಹೇಳೋದಿಲ್ಲ. ಓಡಿಹೋಗಿ ಕೆರೆಗೆ ಎಸೆಯುತ್ತಾನೆ. ಪಾಚಿ ಸರಿದು, ಮತ್ತೆ ಮುಚ್ಚಿಕೊಳ್ಳುತ್ತೆ. ಸತ್ತ ಅಕ್ಕನ ಮಾನ ಕಾಪಾಡಿದ್ದು ಅಷ್ಟು ಚಿಕ್ಕ ಹುಡುಗ!

ಮಗುವಿಗೇನು ಗೊತ್ತಾಗುತ್ತೆ ಅಂತ ಇನ್ನೂ ಕೇಳ್ತೀರಾ?