ಜಗುಲಿಯಲ್ಲಿ ಸ್ವಲ್ಪ ಜಾಗ

ನಮ್ಮ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಡೆಯುವ ಮಾತುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಒಬ್ಬಟ್ಟಿನ ಬಗ್ಗೆ ಒಂದು ಮಾತಾದರೆ ಕಾರ್ ಇನ್ಶೂರೆನ್ಸ್, ಎಚ್-1 ವೀಸಾ, ಮಗುವಿನ ಡೇ ಕೇರ್ ಬಗ್ಗೆ ಹತ್ತು ಮಾತು. ಹೊಸದಾಗಿ ಬಂದ ದಂಪತಿಗಳು ಅಪಾರ್ಟ್‌ಮೆಂಟ್ ಹುಡುಕಿಕೊಳ್ಳುವುದೂ ಅಲ್ಲೇ. ಯಾವ ಅಧ್ಯಕ್ಷರೂ ಮೈಕ್ ಹಿಡಿದು "ಇದು ಯುಗಾದಿಗೆ ಸಂಬಂಧಪಟ್ಟದ್ದಲ್ಲ, ಹೊರಗೆ ನಡೆಯಿರಿ" ಎಂದದ್ದು ನನಗೆ ನೆನಪಿಲ್ಲ.

ಆದರೆ ನಾನು ವರ್ಷಗಟ್ಟಲೆ ಮಾಡಿದ್ದು ಇದೇ ಕೆಲಸ, ಅದೂ ಸಂಬಳವಿಲ್ಲದೆ! ಲಿನಕ್ಸ್ ಬಳಸುವವರ ಅಂತರ್ಜಾಲ ಬಳಗವೊಂದಕ್ಕೆ ನಾನು ಮಾಡರೇಟರ್. ರಾತ್ರಿ ಮಕ್ಕಳು ಮಲಗಿದ ಮೇಲೆ ಕೂತು, ವಿಷಯಕ್ಕೆ ಹೊರತಾದ ಪ್ರಶ್ನೆಗಳನ್ನು ಮುಚ್ಚುವುದು, ಕೇಳಿದ್ದನ್ನೇ ಕೇಳಿದವರಿಗೆ ಹಳೆಯ ಉತ್ತರ ತೋರಿಸುವುದು. ಓದುವವರ ಸಮಯ ಉಳಿಯಲೆಂದು "ನಮಸ್ಕಾರ", "ಧನ್ಯವಾದಗಳು" ಎಂಬ ಸಾಲುಗಳನ್ನೂ ಕತ್ತರಿಸುತ್ತಿದ್ದೆವು. "ಊಟ ಆಯ್ತಾ?" ಅಂತ ವಿಚಾರಿಸದೆ ಸಾಲವನ್ನೂ ಕೇಳದ ಊರಿನಿಂದ ಬಂದವನು ನಾನು!

ಈ ತಾಪತ್ರಯ ಹಳೆಯದು. ಯೂಸ್‌ನೆಟ್ ಕಾಲದಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಲೇಜು ಸೇರಿದ ಹುಡುಗರು ಬಂದು ಗದ್ದಲ ಮಾಡುತ್ತಿದ್ದರು, ಕೆಲವು ವಾರಗಳಲ್ಲಿ ಅಲ್ಲಿನ ರೀತಿನೀತಿ ಕಲಿಯುತ್ತಿದ್ದರು. 1993-94ರ ಸುಮಾರಿಗೆ ಎಓಎಲ್‌ನಂಥ ಕಂಪೆನಿಗಳು ತಮ್ಮ ಚಂದಾದಾರರಿಗೆಲ್ಲ ಅದರ ಬಾಗಿಲು ತೆರೆದವು. ಹೊಸಬರ ಹೊಳೆ ಮತ್ತೆ ನಿಲ್ಲಲೇ ಇಲ್ಲ. "ಮುಗಿಯದ ಸೆಪ್ಟೆಂಬರ್" ಎಂದು ಹಳಬರು ಈಗಲೂ ಗೊಣಗುತ್ತಾರೆ. ಪ್ರೋಗ್ರಾಮರ್‌ಗಳೆಲ್ಲ ಬಲ್ಲ ಸ್ಟ್ಯಾಕ್ ಓವರ್‌ಫ್ಲೋ, ತನ್ನಲ್ಲಿ ಹೊಸಬರಿಗೆ ಆದರ ಸಾಲದೆಂದು 2018ರ ಏಪ್ರಿಲ್‌ನಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಮೊದಲ ಸಲ ಬರೆಯುವವರಿಗೆ ಒಂದು ಗುರುತನ್ನೂ ಹಾಕತೊಡಗಿತು. ಅದನ್ನು ಓದಿ, ಇದು ಅವರ ಪಾಡು ಎಂದುಕೊಂಡು ಸುಮ್ಮನಾದೆ.

ಮರುವರ್ಷ ಹಾಸನದಿಂದ ಅಣ್ಣನ ಮಗ ವಾಟ್ಸಾಪ್‌ನಲ್ಲಿ ಮಾತಾಡುತ್ತ ಹೇಳಿದ: "ನೀವು ಹೊಗಳ್ತಿರ್ತೀರಲ್ಲ ಚಿಕ್ಕಪ್ಪ, ಆ ಬಳಗದಲ್ಲಿ ಒಂದು ಪ್ರಶ್ನೆ ಕೇಳ್ದೆ. ಯಾರೋ ಪುಣ್ಯಾತ್ಮ ಮೂರೇ ನಿಮಿಷಕ್ಕೆ ಮುಚ್ಚಿಹಾಕ್ದ. ಇನ್ನು ಅಲ್ಲಿಗೆ ಹೋಗಲ್ಲ."

ಹೋಗಿ ನೋಡಿದೆ. ಇಂಜಿನಿಯರಿಂಗ್ ಸೇರುತ್ತಿದ್ದೇನೆ, ಅಪ್ಪನ ಬಜೆಟ್ ಇಷ್ಟು, ಲಿನಕ್ಸ್ ಚೆನ್ನಾಗಿ ನಡೆಯುವ ಲ್ಯಾಪ್‌ಟಾಪ್ ಯಾವುದು ಎಂದು ಕೇಳಿದ್ದ. "ರೆಸ್ಪೆಕ್ಟೆಡ್ ಸರ್ಸ್" ಅಂತ ಶುರು ಮಾಡಿದ್ದ. ಮುಚ್ಚಿದ ಪುಣ್ಯಾತ್ಮ ನಾನೇ! ಅಲ್ಲಿ ನನಗಿರುವುದು ಬೇರೆ ಹೆಸರು, ಅವನಿಗೂ ಬೇರೆ ಹೆಸರು.

ನಿಯಮದ ಪ್ರಕಾರ ನಾನು ಮಾಡಿದ್ದು ಸರಿಯೇ. 'ಯಾವುದನ್ನು ಕೊಳ್ಳಲಿ' ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ಆರು ತಿಂಗಳಲ್ಲಿ ಹಳಸುತ್ತದೆ, ಮಾರುವವರು ಬಂದು ಜಾಹೀರಾತು ಹಚ್ಚುತ್ತಾರೆ. ಈಗಲೂ ನಾನು ಆ ನಿಯಮದ ಪರವೇ. ಆದರೆ ಹಾಸನದ ಹುಡುಗನಿಗೆ ಅದು ಹೇಗೆ ಗೊತ್ತಾಗಬೇಕು? ನಾನು ಬರೆದದ್ದು ಎರಡೇ ಪದ: ವಿಷಯಕ್ಕೆ ಹೊರತು.

ಮಿಕ್ಕ ಮೂವರು ಮಾಡರೇಟರ್‌ಗಳ ಜೊತೆ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಕೊನೆಗೆ, ಮೊದಲ ಸಲ ಬಂದವರ ಪ್ರಶ್ನೆ ಮುಚ್ಚುವಾಗ ಕಾರಣವನ್ನೂ ಎಲ್ಲಿ ಕೇಳಬೇಕೆಂಬುದನ್ನೂ ಕೈಯಾರೆ ಬರೆಯಬೇಕೆಂದಾಯಿತು. ಸಿದ್ಧ ವಾಕ್ಯ ಅಂಟಿಸುವಂತಿಲ್ಲ. ಹರಟೆಗೆ, ಕೊಳ್ಳುವ ಸಲಹೆಗೆ ಬೇರೆ ಕೋಣೆ ತೆರೆದೆವು. ಕನ್ನಡ ವಿಕಿಪೀಡಿಯದಲ್ಲಿ ಇಂಥ ಜಾಗಕ್ಕೆ 'ಅರಳಿ ಕಟ್ಟೆ' ಎಂಬ ಚಂದದ ಹೆಸರಿದೆ. ನಾನು 'ಜಗುಲಿ' ಎಂದು ಸೂಚಿಸಿದೆ. ಜರ್ಮನಿಯ ಗೆಳೆಯರು ಅದನ್ನು 'ಯಗೂಲಿ' ಅನ್ನುತ್ತಾರೆ, ಹೋಗಲಿ ಬಿಡಿ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಅತಿ ಕಠಿಣ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಹಿರಿಯರೊಬ್ಬರು "ಇದು ಸಂತೆಯಾಯಿತು" ಎಂದು ಹೊರಟುಹೋದರು. ಅವರ ಜಾಗ ಇನ್ನೂ ಖಾಲಿ. ಜೊತೆಗೆ, 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹೊಸಬರು ಬರುವುದೇ ಕಡಿಮೆಯಾಗಿದೆ. ಯಂತ್ರ ಬೈಯುವುದಿಲ್ಲವಲ್ಲ!

ಅಣ್ಣನ ಮಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಂದು ಮುಚ್ಚಿದವನು ನಾನೇ ಎಂದು ಇನ್ನೂ ಹೇಳಿಲ್ಲ. ಈ ಸಂಚಿಕೆಯ ಒಂದು ಪ್ರತಿ ಹಾಸನಕ್ಕೂ ಹೋಗುತ್ತದೆ. ಅತ್ತಿಗೆ ತಪ್ಪದೆ ಓದುತ್ತಾರೆ.