ಹಕ್ಕಿ ಕೂತ ಮರ ಯಾವುದು, ಸ್ವಾಮಿ?

ರಂಗನತಿಟ್ಟಿಗೆ ಹೋದವರು ಹಕ್ಕಿ ನೋಡ್ತಾರೆ, ಮೊಸಳೆ ನೋಡ್ತಾರೆ, ಬಸ್ಸು ಹತ್ತಿ ವಾಪಸ್ ಬರ್ತಾರೆ. ಹಕ್ಕಿ ಕೂತಿದ್ದ ಮರ ಯಾವುದು ಅಂತ ಕೇಳಿ, ತಲೆ ಕೆರೆದುಕೊಳ್ತಾರೆ!

1940ರಲ್ಲಿ ಪಕ್ಷಿಧಾಮವಾದ ಆ ಕಾವೇರಿ ನಡುಗಡ್ಡೆಗಳ ಮುಖ್ಯ ಮರ ಹೊಳೆಮತ್ತಿ. ಬಿಳಿಮತ್ತಿ, ಅರ್ಜುನ ಎಂದರೂ ಇದೇ. ಗುರುತು ಹಿಡಿಯುವುದು ಸುಲಭ. ತೊಗಟೆ ನುಣುಪು, ಬಣ್ಣ ಬೂದುಬಿಳುಪು. ಹಪ್ಪಳದಂತೆ ತೆಳ್ಳಗೆ ಕಳಚುತ್ತದೆ. ಎಲೆಯ ಬುಡದಲ್ಲಿ ಎರಡು ಸಣ್ಣ ಗಂಟು. ಕಾಯಿಗೆ ಐದು ರೆಕ್ಕೆ, ಥೇಟ್ ಕಮರಾಕ್ಷಿ ಹಣ್ಣಿನ ಹಾಗೆ. ಇದರ ದಾಯಾದಿ ಕರಿಮತ್ತಿಯ ತೊಗಟೆ ಮೊಸಳೆ ಬೆನ್ನಿನಂತೆ ಬಿರಿದಿರುತ್ತದೆ. ಅದು ಕಾಡುಗುಡ್ಡದ ಮರ. ಹೊಳೆಮತ್ತಿಗೆ ನೀರಿನ ದಂಡೆಯೇ ತವರು.

ದಂಡೆಯ ಮಣ್ಣನ್ನು ಹಿಡಿದಿಡುವುದು ಇದರ ಬೇರು. ಆದರೆ ತೊಗಟೆ ಎದೆರೋಗಕ್ಕೆ ಮದ್ದು ಎಂದು ಆಯುರ್ವೇದದಲ್ಲಿ ಹೆಸರಾಗಿದೆ. ಅಪಾಯ ಇರೋದು ಅಲ್ಲೇ. ಮಚ್ಚು ಹಿಡಿದವರು ಬುಡದ ಸುತ್ತ ಬಳೆಯಂತೆ ಸುಲಿದರೆ ಎಲೆಯ ಊಟ ಬೇರಿಗೆ ಇಳಿಯೋದಿಲ್ಲ. ಮರ ನಿಂತಲ್ಲೇ ಒಣಗುತ್ತದೆ. ಬೇರು ಕೊಳೆತ ಮೇಲೆ ಪ್ರವಾಹ ಬಂದರೆ ದಂಡೆ ಜಾರುತ್ತದೆ. ದಂಡೆಯ ಪಕ್ಕದ ಗದ್ದೆ ಯಾರದು, ಸ್ವಾಮಿ?

ನಿಮ್ಮೂರ ಹೊಳೆ ಪಕ್ಕದಲ್ಲೂ ಒಂದು ಹೊಳೆಮತ್ತಿ ಇರಬಹುದು. ಗುರುತು ಹಿಡಿದಿಡಿ. ಸುಲಿಯಲು ಬಂದವರನ್ನು ಒಂದು ಮಾತು ಕೇಳಿ.